‘ಎಂಜಿನ್ನಿಗೆ ಏನು ಮಾಡಿಸಿದಿರಿ?’

ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿರುವ ನಮ್ಮ ಶೆಡ್ಡಿಗೆ ಟ್ರ್ಯಾಕ್ಟರಿನ ಹೈಡ್ರಾಲಿಕ್ ರಿಪೇರಿಗೋ ಟಿಪ್ಪರಿನ ಬ್ರೇಕ್ ಲೈನರ್ ಬದಲಿಸುವುದಕ್ಕೋ ಬಂದವರು, ಮೂಲೆಯಲ್ಲಿ ನಿಂತಿರುವ ಬಿಳಿಯ ಹೋಂಡಾ ಸಿಟಿಯನ್ನು ಕಂಡ ಕೂಡಲೇ ಬಂದ ಕೆಲಸ ಬಿಟ್ಟು ಅದರ ಹತ್ತಿರ ಹೋಗುತ್ತಾರೆ. ಒಳಗೆ ಒಂದೇ ಸೀಟು, ಅದರ ಸುತ್ತ ಪೈಪುಗಳ ಪಂಜರ, ಕೆಳಗೆ ಬರಿಯ ತಗಡಿನ ನೆಲ. ಕಾರನ್ನು ಒಂದು ಸುತ್ತು ಹಾಕಿ ಅವರು ಕೇಳುವ ಪ್ರಶ್ನೆ ಹಲವು ವರ್ಷಗಳಿಂದ ಬದಲಾಗಿಲ್ಲ: ‘ಎಂಜಿನ್ನಿಗೆ ಏನ್ ಮಾಡಿಸೀರಿ ಅಣ್ಣಾ?’ ರಾಯಚೂರಿನಿಂದಲೋ ಗಂಗಾವತಿಯಿಂದಲೋ ಫೋನ್ ಮಾಡಿ, ತಮ್ಮ ಮನೆಯಲ್ಲಿರುವ ಹಳೆಯ ಕಾರನ್ನೂ ರೇಸ್ ಟ್ರ್ಯಾಕಿಗೆ ಸಿದ್ಧಪಡಿಸಬೇಕೆನ್ನುವ ಹುಡುಗರೂ ಮೊದಲು ಕೇಳುವುದು ಇದನ್ನೇ. ಎಂಜಿನ್ ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಇರುವಂತೆ ನೋಡಿಕೊಂಡಿದ್ದೇನೆ, ಒಂದು ಹಾರ್ಸ್‌ಪವರನ್ನೂ ಏರಿಸಿಲ್ಲ ಎಂದರೆ ಕೇಳಿದವರಿಗೆ ನಿರಾಸೆಯಾಗುತ್ತದೆ. ಕೆಲವರು ನಾನು ಗುಟ್ಟು ಬಿಟ್ಟುಕೊಡುತ್ತಿಲ್ಲವೆಂದೇ ತಿಳಿಯುತ್ತಾರೆ. ಆದ್ದರಿಂದ ಆ ಉತ್ತರವನ್ನು ಕಾರಣಸಹಿತವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಾರು 2001ರ ಹೋಂಡಾ ಸಿಟಿ ವಿಟೆಕ್; ವಾಲ್ವುಗಳು ತೆರೆಯುವ ರೀತಿಯನ್ನು ವೇಗಕ್ಕೆ ತಕ್ಕಂತೆ ಬದಲಿಸುವ ಹೋಂಡಾ ಎಂಜಿನ್ನಿಗೆ ಆ ಹೆಸರು. 1493 ಸಿಸಿ ಎಂಜಿನ್, 6800 ಆರ್‌ಪಿಎಂನಲ್ಲಿ 106 ಹಾರ್ಸ್‌ಪವರ್. ಎರಡು ಬಾಗಿಲಿನ ನಿಜವಾದ ಸ್ಪೋರ್ಟ್ಸ್ ಕಾರನ್ನು ನಮ್ಮ ಕಡೆ ಆಗ ಕಂಡವರೇ ಕಡಿಮೆ; ನಮ್ಮ ವಯಸ್ಸಿನವರಿಗೆ ಸ್ಪೋರ್ಟ್ಸ್ ಕಾರು ಎಂದರೆ ಈ ವಿಟೆಕ್, ಇಲ್ಲವೇ 1.6 ಲೀಟರಿನ ಫಿಯಟ್ ಪಾಲಿಯೊ. ನಾನು ಕೊಂಡಾಗ ನನ್ನದು ಎರಡು ಕೈ ದಾಟಿ ಬಂದಿತ್ತು, ಅದಿರು ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ವರ್ಷಗಳಲ್ಲಿ ಹೊಸಪೇಟೆ ರಸ್ತೆಯ ಕೆಂಪು ಧೂಳನ್ನೆಲ್ಲ ಕುಡಿದಿತ್ತು.

2014ರಲ್ಲಿ ಅದನ್ನು ಇದ್ದ ಹಾಗೆಯೇ ಓಡಿಸಿಕೊಂಡು ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಸರ್ಕ್ಯೂಟಿಗೆ ಹೋದೆ. ಸುಮಾರು 3.7 ಕಿಲೋಮೀಟರ್ ಉದ್ದದ, 1990ರಿಂದ ಬಳಕೆಯಲ್ಲಿರುವ ಈ ಟ್ರ್ಯಾಕು ನಮ್ಮೂರಿನಿಂದ ಐನೂರು ಕಿಲೋಮೀಟರ್ ಆಸುಪಾಸಿನಲ್ಲಿದೆ. ಮೊದಲ ಎರಡು ಸುತ್ತುಗಳಲ್ಲಿ ನನಗೆ ಆಕಾಶವೇ ಕೈಗೆ ಸಿಕ್ಕಂತಿತ್ತು. ನಾಲ್ಕನೆಯ ಸುತ್ತಿನಲ್ಲಿ, ನೇರ ದಾರಿ ಮುಗಿದು ತಿರುವು ಎದುರಾದಾಗ ಒತ್ತಿದ ಬ್ರೇಕ್ ಪೆಡಲ್ ಎಲ್ಲಿಯೂ ತಡೆಯದೆ ನೆಲ ಮುಟ್ಟಿತು. ಇನ್ನೊಮ್ಮೆ ಒತ್ತಿದೆ, ಮತ್ತೊಮ್ಮೆ ಒತ್ತಿದೆ. ಮೂರನೆಯ ಸಲಕ್ಕೆ ಸ್ವಲ್ಪ ಹಿಡಿಯಿತು. ಅಷ್ಟರಲ್ಲಿ ಕಾರು ತಿರುವನ್ನು ದಾಟಿ ಮಣ್ಣಿನಲ್ಲಿ ಬಹಳ ದೂರ ಹೋಗಿತ್ತು. ಅಲ್ಲಿ ಗೋಡೆಯಿರಲಿಲ್ಲ, ಬೇರೆ ಕಾರೂ ಇರಲಿಲ್ಲ. ಕೈ ನಡುಗುವುದು ನಿಲ್ಲುವವರೆಗೂ ನಾನು ಸೀಟಿನಿಂದ ಏಳಲಿಲ್ಲ.

ಆದದ್ದು ಏನೆಂದು ವಿವರಿಸುತ್ತೇನೆ, ಏಕೆಂದರೆ ನನ್ನ ಉತ್ತರದ ತಿರುಳು ಇಲ್ಲೇ ಇದೆ. ಚಾಲಕನೂ ಸೇರಿ ಸಾವಿರ ಕಿಲೋ ತೂಗುವ ಕಾರು ಗಂಟೆಗೆ 140 ಕಿಲೋಮೀಟರ್ ವೇಗದಿಂದ 60ಕ್ಕೆ ಇಳಿಯಬೇಕಾದರೆ ಸುಮಾರು 600 ಕಿಲೋಜೂಲ್ ಶಕ್ತಿ ಬ್ರೇಕುಗಳಲ್ಲಿ ಶಾಖವಾಗಿ ಮಾರ್ಪಡಬೇಕು. ಎರಡು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದಷ್ಟು ಶಾಖ ಅದು; ಅಡುಗೆ ಒಲೆ ಹಲವು ನಿಮಿಷ ತೆಗೆದುಕೊಳ್ಳುವ ಆ ಕೆಲಸವನ್ನು ಬ್ರೇಕುಗಳು ಮೂರು ಸೆಕೆಂಡಿನಲ್ಲಿ ಮಾಡಬೇಕು, ಟ್ರ್ಯಾಕಿನ ಪ್ರತಿ ಸುತ್ತಿನಲ್ಲೂ ನಾಲ್ಕೈದು ಸಲ ಮಾಡಬೇಕು, ನಡುವೆ ತಣಿಯಲು ಸಿಗುವುದು ಕೆಲವೇ ಸೆಕೆಂಡು. ಈ ಶಾಖ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಸಾಗುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದೆ ಇರಬೇಕೆಂಬುದು ನಿಯಮ. ಆದರೆ ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದ್ದು, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಯಿಲ್ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ನನ್ನ ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಮುಗಿದುಹೋಯಿತು. ನನ್ನ ಕಾರಿನ ಆಯಿಲನ್ನು ಎಷ್ಟು ವರ್ಷಗಳಿಂದ ಬದಲಿಸಿರಲಿಲ್ಲವೆಂದು ಹೇಳಲು ನನಗೇ ಬರಲಿಲ್ಲ. ದಿನವೂ ಬೇರೆಯವರ ಲಾರಿಗಳ ಬ್ರೇಕ್ ನೋಡುವವನು ನಾನು. ಆ ತಪ್ಪು ಪೂರ್ತಿ ನನ್ನದೇ.

ಅಂದು ಎಂಜಿನ್ನಿನಲ್ಲಿ ಇನ್ನೂ ಐವತ್ತು ಹಾರ್ಸ್‌ಪವರ್ ಇದ್ದಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕಿ. ವೇಗ ಎರಡರಷ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಆಯಿಲ್ ನಾಲ್ಕನೆಯ ಸುತ್ತಿಗೆ ಕಾಯದೆ ಇನ್ನೂ ಬೇಗ ಕುದಿಯುತ್ತಿತ್ತು, ನಾನು ಮಣ್ಣಿಗೆ ಇಳಿಯುವ ವೇಗವೂ ಹೆಚ್ಚಾಗಿರುತ್ತಿತ್ತು.

ಹಾಗಾಗಿ ಮೊದಲ ಖರ್ಚು ಬ್ರೇಕಿಗೇ ಆಯಿತು. ಹೊಸ ಡಿಸ್ಕು, ಹೆಚ್ಚಿನ ಶಾಖಕ್ಕೆಂದೇ ತಯಾರಿಸಿದ ಪ್ಯಾಡು, ಹಳೆಯ ರಬ್ಬರ್ ಹೋಸುಗಳ ಜಾಗದಲ್ಲಿ ಸ್ಟೀಲ್ ಹೆಣಿಗೆಯ ಹೋಸು, ಮುಂದಿನ ಬಂಪರಿನಿಂದ ಡಿಸ್ಕಿನ ನಡುವಿಗೆ ಗಾಳಿ ಒಯ್ಯುವ ಕೊಳವೆ, ಡಾಟ್ 5.1 ಆಯಿಲ್. ಈ ದರ್ಜೆಯ ಮಿತಿ ಹೊಸದರಲ್ಲಿ 260 ಡಿಗ್ರಿ, ತೇವ ಸೇರಿದ ಮೇಲೂ 180. ಪ್ರತಿ ಸಲ ಟ್ರ್ಯಾಕಿಗೆ ಹೋಗುವ ಮುನ್ನ ಅದನ್ನು ಪೂರ್ತಿ ಬದಲಿಸಿ ನಾಲ್ಕೂ ಗಾಲಿಗಳ ಬಳಿ ಗಾಳಿ ತೆಗೆಯುತ್ತೇನೆ. ಹಿಂದಿನ ಡ್ರಮ್ಮುಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಮುಂಚಕ್ರ ಎಳೆಯುವ ಈ ಕಾರಿನಲ್ಲಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಹಿಂದಿನ ಬ್ರೇಕಿಗೆ ಹೆಚ್ಚು ಕೆಲಸವಿಲ್ಲ.

ಎರಡನೆಯದು ಶಾಖದ್ದೇ ಇನ್ನೊಂದು ಮುಖ. ಬಿಸಿಲಿನ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಜಿನ್ನಿನ ನೀರು 90 ಡಿಗ್ರಿಯಲ್ಲಿದ್ದು ಹೊರಗಿನ ಗಾಳಿ 30 ಡಿಗ್ರಿ ಇದ್ದರೆ ರೇಡಿಯೇಟರಿಗೆ ಸಿಗುವ ಅಂತರ 60. ಹೊರಗೆ 42 ಡಿಗ್ರಿಯಾದರೆ ಅಂತರ 48ಕ್ಕೆ ಇಳಿಯುತ್ತದೆ, ಅಂದರೆ ಅದೇ ರೇಡಿಯೇಟರ್ ಹೊರಹಾಕಬಲ್ಲ ಶಾಖದಲ್ಲಿ ಐದನೆಯ ಒಂದು ಭಾಗ ಅಲ್ಲಿಗೇ ಹೋಯಿತು. ನನ್ನ ಕಾರಿನ ರೇಡಿಯೇಟರನ್ನು ಕೊಯ್ದು ನೋಡಿದಾಗ ಹೊರಗಿನ ರೆಕ್ಕೆಗಳ ನಡುವೆ ಕೆಂಪು ಧೂಳು ಇಟ್ಟಿಗೆಯಂತೆ ಗಟ್ಟಿಯಾಗಿತ್ತು, ಒಳಗಿನ ಕೊಳವೆಗಳಲ್ಲಿ ಬಿಳಿಯ ಸುಣ್ಣದ ಪದರವಿತ್ತು. ದಾರಿಯಲ್ಲಿ ನೀರು ಕಡಿಮೆಯಾದಾಗಲೆಲ್ಲ ಬೋರ್‌ವೆಲ್ ನೀರು ಹಾಕುತ್ತಾ ಬಂದ ಫಲ ಅದು. ನಮ್ಮ ಗಡಸು ನೀರು ಮನೆಯ ಗೀಸರಿನ ಕಾಯಿಲಿಗೆ ಏನು ಮಾಡುತ್ತದೆಯೋ ರೇಡಿಯೇಟರಿಗೂ ಅದನ್ನೇ ಮಾಡುತ್ತದೆ. ಹೊಸ ರೇಡಿಯೇಟರ್, ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಇವು ಎಂಜಿನ್ನಿಗೆ ಹೆಚ್ಚು ಗಾಳಿ ತುರುಕಿ ಶಕ್ತಿ ಏರಿಸುವ ಟರ್ಬೊ ಹಾಕಿಸುವ ಖರ್ಚಿನ ಮುಂದೆ ಏನೂ ಅಲ್ಲ. ಆದರೂ ನನ್ನ ಬಳಿ ಬಂದವರಲ್ಲಿ ಟರ್ಬೊ ಬಗ್ಗೆ ಕೇಳಿದವರೇ ಹೆಚ್ಚು, ರೇಡಿಯೇಟರಿನ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ.

ಎಂಜಿನ್ನಿನ ಆಯಿಲ್ ವಿಷಯದಲ್ಲಿಯೂ ರಸ್ತೆಯ ಅನುಭವ ಟ್ರ್ಯಾಕಿನಲ್ಲಿ ಸಾಲದು. ಉದ್ದನೆಯ ತಿರುವಿನಲ್ಲಿ ಆಯಿಲ್, ಎಂಜಿನ್ನಿನ ತಳದಲ್ಲಿ ಅದು ನಿಲ್ಲುವ ಚೇಂಬರಿನ ಒಂದು ಬದಿಗೆ ಏರಿಬಿಡುತ್ತದೆ; ಆಗ ಪಂಪಿನ ಬಾಯಿ ಬರಿದಾಗಿ ಗಾಳಿ ಎಳೆಯುತ್ತದೆ, ಬೇರಿಂಗುಗಳು ಒಣಗುತ್ತವೆ. ಇದನ್ನು ತಡೆಯಲು ಚೇಂಬರನ್ನು ಬಿಚ್ಚಿ ಒಳಗೆ ಅಡ್ಡ ತಗಡುಗಳನ್ನು ಬೆಸುಗೆ ಹಾಕಿಸಿದೆ. ಬಳ್ಳಾರಿಯಲ್ಲಿ ಅದು ಅರ್ಧ ದಿನದ ಕೆಲಸ. ವಾಲ್ವುಗಳನ್ನು ಪಿಸ್ಟನ್ನಿನ ಲಯಕ್ಕೆ ಓಡಿಸುವ ರಬ್ಬರಿನ ಟೈಮಿಂಗ್ ಬೆಲ್ಟು ಮತ್ತು ವಾಟರ್ ಪಂಪನ್ನೂ ಅದೇ ಹೊತ್ತಿನಲ್ಲಿ ಬದಲಿಸಿದೆ. ರಬ್ಬರಿಗೆ ಓಡಿದ ಕಿಲೋಮೀಟರಿನಷ್ಟೇ ವಯಸ್ಸೂ ಲೆಕ್ಕ, ಈ ಎಂಜಿನ್ನಿನಲ್ಲಿ ಬೆಲ್ಟು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಒಂದಕ್ಕೊಂದು ಹತ್ತಿರವಿದ್ದುದರಿಂದ ಸಿಲಿಂಡರನ್ನು ಕೊರೆಸುವ ತಂಟೆಗೆ ಹೋಗಲಿಲ್ಲ. ಎಂಜಿನ್ನಿಗೆ ಮಾಡಿದ್ದು ಇಷ್ಟೇ.

ಇನ್ನು ತೂಕ. ಬಿಚ್ಚಿ ತೆಗೆದ ಪ್ರತಿಯೊಂದನ್ನೂ ಎಪಿಎಂಸಿಯ ದಲ್ಲಾಳಿ ಅಂಗಡಿಯಿಂದ ತಂದ ಕಾಟಾದ ಮೇಲಿಟ್ಟು ಪುಸ್ತಕದಲ್ಲಿ ಬರೆದುಕೊಂಡೆ. ಹಿಂದಿನ ಸೀಟು 19 ಕಿಲೋ, ಎಸಿಯ ಭಾಗಗಳೆಲ್ಲ ಸೇರಿ 24, ಸ್ಟೆಪ್ನಿ ಮತ್ತು ಜಾಕ್ 17. ನೆಲಕ್ಕೆ ಅಂಟಿಸಿದ ಡಾಂಬರಿನಂಥ ಹಾಳೆಗಳನ್ನು ಏಪ್ರಿಲಿನ ಮಧ್ಯಾಹ್ನ ಕೀಳಲು ಹೋದರೆ ಅವು ಬೆಲ್ಲದ ಪಾಕದಂತೆ ಕೈಗೆ ಅಂಟುತ್ತಿದ್ದವು. ಬೆಳಗಿನ ಜಾವ ತಂಪಿನಲ್ಲಿ ಉಳಿಯಿಟ್ಟು ಬಡಿದರೆ ಚಕ್ಕೆಚಕ್ಕೆಯಾಗಿ ಎದ್ದು ಬರುತ್ತಿದ್ದವು. ಅವುಗಳ ಅಡಿಯಲ್ಲಿ, ನೀರು ಹರಿದುಹೋಗುವ ತೂತುಗಳಲ್ಲೆಲ್ಲ ಅದೇ ಕೆಂಪು ಧೂಳು ತುಂಬಿ, ತೇವ ಹಿಡಿದು, ಎರಡು ಕಡೆ ತಗಡನ್ನು ತಿಂದಿತ್ತು. ಹಳೆಯ ಕಾರನ್ನು ಆರಿಸುವವರು ಬಣ್ಣ ನೋಡದೆ ಜಾಕ್ ಹಾಕುವ ಜಾಗ ಮತ್ತು ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಜಾಗವನ್ನು ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಬೇಕು. ಅಲ್ಲಿ ತುಕ್ಕು ತಿಂದಿದ್ದರೆ ಆ ಕಾರು ಬೇಡ, ಎಂಜಿನ್ ಎಷ್ಟೇ ಚೆನ್ನಾಗಿರಲಿ. ನಾನು ತೆಗೆದದ್ದು ಒಟ್ಟು 114 ಕಿಲೋ. ಪಂಜರ ಮತ್ತು ಬೆಂಕಿ ಆರಿಸುವ ಸಿಲಿಂಡರಿನಿಂದ ಮರಳಿ ಸೇರಿದ್ದು 42. ನಿವ್ವಳ ಇಳಿದ 72 ಕಿಲೋ, ವೇಗ ಪಡೆಯುವ ಲೆಕ್ಕದಲ್ಲಿ, ಏಳು ಹಾರ್ಸ್‌ಪವರ್ ಏರಿಸಿದ್ದಕ್ಕೆ ಸಮ. ಏರಿಸಿದ ಹಾರ್ಸ್‌ಪವರ್ ಬ್ರೇಕಿಗೂ ಟೈರಿಗೂ ರೇಡಿಯೇಟರಿಗೂ ಹೊರೆಯಾಗುತ್ತದೆ; ಇಳಿಸಿದ ತೂಕ ಅವೆಲ್ಲಕ್ಕೂ ಹೊರೆ ಕಡಿಮೆ ಮಾಡುತ್ತದೆ.

ಕಾರು ಉರುಳಿದರೆ ಚಾಲಕನನ್ನು ಕಾಯುವ ಪಂಜರದ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ. ಲಾರಿ ಬಾಡಿ ಕಟ್ಟುವ ಊರು ನಮ್ಮದು, ಬೆಸುಗೆ ಹಾಕುವವರ ಕೈ ಬಹಳ ಚೆನ್ನಾಗಿದೆ. ಕೆಲಸಕ್ಕೆ ಒಪ್ಪಿದ ಮೇಸ್ತ್ರಿ ಹಿರಿಯರು. ಪೈಪಿನ ಬೆಲೆ ಕೇಳಿ, ‘ನೀರಿನ ಪೈಪ್ ಸಾಕಲ್ರೀ, ಸುಮ್ನ ಯಾಕ ರೊಕ್ಕ ಹಾಕ್ತೀರಿ?’ ಎಂದರು. ಅವರಿಗೆ ಎರಡು ತುಂಡುಗಳನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಬಗ್ಗಿಸಿ ತೋರಿಸಿದೆ. ನೀರಿನ ಪೈಪು ಉದ್ದದ ಬೆಸುಗೆಯ ಗೆರೆಗುಂಟ ಬಾಯಿಬಿಟ್ಟಿತು, ಉದ್ದದ ಬೆಸುಗೆಯೇ ಇಲ್ಲದ ಸೀಮ್‌ಲೆಸ್ ಪೈಪು ಬಾಗಿತು, ಒಡೆಯಲಿಲ್ಲ. ಆಮೇಲೆ ಅವರೇ ಪ್ರತಿ ಕೀಲನ್ನೂ ನನಗಿಂತ ಹೆಚ್ಚು ಕಾಳಜಿಯಿಂದ ನೋಡಿಕೊಂಡರು. ಮೋಟಾರ್ ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎಯ ನಿಯಮದಂತೆ ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸ ಮತ್ತು 2.5 ಮಿಲಿಮೀಟರ್ ದಪ್ಪ, ಇಲ್ಲವೇ 50 ಮತ್ತು 2 ಮಿಲಿಮೀಟರ್ ಅಳತೆಯ, ತಣ್ಣಗೆ ಎಳೆದು ಮಾಡಿದ ಸೀಮ್‌ಲೆಸ್ ಉಕ್ಕಿನ ಪೈಪು ಬೇಕು. ಪೈಪು ಕಾರಿನ ನೆಲಕ್ಕೆ ಕೂರುವಲ್ಲಿ ಕನಿಷ್ಠ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರಿಗೆ ಕಡಿಮೆಯಿಲ್ಲದ ಪ್ಲೇಟು ಇರಬೇಕು. ಸೀಟು, ಬೆಲ್ಟುಗಳಿಗೆ ಬಳಕೆಯ ಅವಧಿ ಇರುತ್ತದೆ, ಅದು ಮುಗಿದ ಸರಕನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬಾರದು. ಹೆಲ್ಮೆಟ್ಟು ಕಾರಿನ ರೇಸಿಗೆಂದು ಮಾಡಿದ ಎಸ್‌ಎ ದರ್ಜೆಯದಾಗಿರಬೇಕು, ಏಕೆಂದರೆ ಬೈಕಿನ ಹೆಲ್ಮೆಟ್ಟನ್ನು ಬೆಂಕಿಗೆ ಒಡ್ಡಿ ಪರೀಕ್ಷಿಸಿರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಈ ಕಾರು ರಸ್ತೆಗೆ ಇಳಿಯುವುದಿಲ್ಲ. ‘ವಾರಕ್ಕೊಮ್ಮೆ ಹಂಪಿಗಾದರೂ ಓಡಿಸಬಹುದಲ್ಲ’ ಎನ್ನುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಕಾನೂನನ್ನು ಪಕ್ಕಕ್ಕಿಟ್ಟರೂ, ಹೆಲ್ಮೆಟ್ ಇಲ್ಲದ ತಲೆಗೆ ಆ ಉಕ್ಕಿನ ಪೈಪು ಒಂದು ಗೇಣು ದೂರದಲ್ಲಿದೆ: ಟ್ರ್ಯಾಕಿನಲ್ಲಿ ಜೀವ ಉಳಿಸುವ ಪಂಜರ ರಸ್ತೆಯ ಸಣ್ಣ ಅಪಘಾತದಲ್ಲಿ ತಲೆ ಒಡೆಯಬಲ್ಲದು. 2016ರಲ್ಲಿ ಹದಿನೈದು ವರ್ಷದ ನೋಂದಣಿ ಮುಗಿದಾಗ ನಾನು ನವೀಕರಿಸದೆ ರದ್ದು ಮಾಡಿಸಿದೆ, ಆಮೇಲೆಯೇ ಕಾರಿಗೆ ಗರಗಸ ಹಾಕಿದೆ. ಈಗ ಅದು ಚೆನ್ನೈಗೆ ಹೋಗುವುದು ಲಾರಿಯ ಮೇಲೆ.

ಟೈರು, ಸಸ್ಪೆನ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸವೆದ ಬುಷ್ಷುಗಳನ್ನೆಲ್ಲ ಬದಲಿಸಿ, ಗಟ್ಟಿ ಸ್ಪ್ರಿಂಗು ಹಾಕಿ, ಮುಂದಿನ ಗಾಲಿಗಳ ಮೇಲ್ಭಾಗವನ್ನು ಸ್ವಲ್ಪ ಒಳಕ್ಕೆ ವಾಲಿಸಿದ್ದೇನೆ. ಮೊದಲ ವರ್ಷ ಒಳ್ಳೆಯ ರಸ್ತೆ ಟೈರೇ ಸಾಕು: ಜಾರುವ ಮುನ್ನ ಅದು ಕಿರುಚಿ ಎಚ್ಚರಿಸುತ್ತದೆ, ಕಲಿಯುವವನಿಗೆ ಆ ಸದ್ದು ಬೇಕು.

ಹಾಗಾದರೆ ಎಂಜಿನ್ನಿಗೆ ಯಾವಾಗ ಕೈ ಹಾಕುತ್ತೀರಿ ಎಂದು ಕೇಳಿದರೆ, ಅದಕ್ಕೂ ನನ್ನ ಪುಸ್ತಕದಲ್ಲೇ ಲೆಕ್ಕವಿದೆ. ಕಾಟಾದ ತೂಕಗಳನ್ನು ಬರೆದ ಹಾಳೆಗಳ ಹಿಂದೆಯೇ ಪ್ರತಿ ಸಲದ ಲ್ಯಾಪ್ ಸಮಯಗಳನ್ನು, ಅಂದರೆ ಒಂದು ಸುತ್ತಿಗೆ ಹಿಡಿದ ಹೊತ್ತನ್ನು, ಬರೆದಿಟ್ಟಿದ್ದೇನೆ. ಅದೇ 106 ಹಾರ್ಸ್‌ಪವರಿನಲ್ಲಿ, ಬ್ರೇಕನ್ನು ನಂಬಲು ಕಲಿತದ್ದರಿಂದಲೇ, ಮೊದಲ ವರ್ಷಕ್ಕೂ ಈಗಿನದಕ್ಕೂ ಐದು ಸೆಕೆಂಡಿಗಿಂತ ಹೆಚ್ಚು ಇಳಿದಿದೆ. ಕಳೆದ ಸಲವೂ ಅರ್ಧ ಸೆಕೆಂಡ್ ಇಳಿಯಿತು. ಮೂರು ಸಲ ಹೋಗಿ ಬಂದರೂ ಅದು ಇಳಿಯದಿದ್ದರೆ ಎಂಜಿನ್ನಿನ ಹೆಡ್ ಬಿಚ್ಚುತ್ತೇನೆ.