ನಾರ್ವೆಯ ಫ್ಯೋರ್ಡ್‌ಗೆ ಹೊರಟಿದ್ದೀರಾ? ಫ್ಲೋಮ್‌ನಲ್ಲಿ ತಂಗಬೇಡಿ

ಫ್ಯೋರ್ಡ್ ಎಂದರೆ ಕಡಿದಾದ ಬೆಟ್ಟಗಳ ನಡುವೆ ಒಳಚಾಚಿದ ಸಮುದ್ರದ ಕವಲು. ಅದನ್ನು ನೋಡಲು ಹೊರಟಾಗ ಬೆಂಗಳೂರಿನ ಏಜೆನ್ಸಿಯವರು ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ಸ್ತಾಲ್‌ಹೈಮ್ ಘಾಟಿಯ ಚಿತ್ರವಿತ್ತು: 13 ಹಿಮ್ಮುರಿ ತಿರುವುಗಳು, ಎರಡೂ ಬದಿಗೆ ಜಲಪಾತ. ಆ ದಾರಿಯಲ್ಲಿ ಪ್ರವಾಸಿ ಬಸ್ಸುಗಳು ಓಡುವುದು ನಿಂತುಹೋಗಿದೆ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ದೋಣಿ ಇಳಿಯುವ ಗುಡ್‌ವಾಂಗೆನ್‌ನಿಂದ ರೈಲು ಹಿಡಿಯುವ ವೋಸ್‌ಗೆ ಹೊರಟ ನಮ್ಮ ಬಸ್ಸು ಹೆದ್ದಾರಿ ಹಿಡಿದು ಸುರಂಗ ಹೊಕ್ಕು ಹೊರಬಂತು, ಅಷ್ಟೇ. ಫೋನ್ ಮಾಡಿ ಕೇಳಿದರೆ, ‘ಸರ್, ಚಿತ್ರಗಳು ಮಾದರಿಗೆ ಮಾತ್ರ’ ಎಂಬ ಉತ್ತರ ಬಂತು.

ಈ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಇನ್ನೊಂದು ಮಾತು: ನನಗೆ ಜನಜಂಗುಳಿ ಆಗುವುದಿಲ್ಲ. ಚಳಿ, ಮಳೆ, ಒದ್ದೆ ಶೂಗಳ ಬಗ್ಗೆ ತಕರಾರಿಲ್ಲ. ನಿಮ್ಮ ಸ್ವಭಾವ ಬೇರೆಯಾಗಿದ್ದರೆ ಮುಂದಿನದನ್ನು ಅದಕ್ಕೆ ತಕ್ಕಂತೆ ತಿದ್ದಿಕೊಂಡು ಓದಿ.

ಪ್ಯಾಕೇಜ್ ಎಂದು ಮಾರುವ ಓಸ್ಲೊ–ಬರ್ಗೆನ್ ಫ್ಯೋರ್ಡ್ ಪ್ರವಾಸದಲ್ಲಿ ಇರುವುದು ಇಷ್ಟು: ಓಸ್ಲೊದಿಂದ ಮಿರ್ದಾಲ್‌ವರೆಗೆ ರೈಲು, ಅಲ್ಲಿಂದ ಫ್ಲೋಮ್‌ಗೆ ಇಳಿಯುವ ಚಿಕ್ಕ ರೈಲು, ನೆರೊಯ್‌ಫ್ಯೋರ್ಡ್‌ನಲ್ಲಿ ಗುಡ್‌ವಾಂಗೆನ್‌ವರೆಗೆ ಸುಮಾರು ಎರಡು ಗಂಟೆಯ ದೋಣಿ, ಅಲ್ಲಿಂದ ವೋಸ್‌ಗೆ ಬಸ್ಸು, ಮತ್ತೆ ಬರ್ಗೆನ್‌ಗೆ ರೈಲು. ಇವೆಲ್ಲಕ್ಕೂ ಯಾರು ಬೇಕಾದರೂ ಬಿಡಿಬಿಡಿಯಾಗಿ ಟಿಕೆಟ್ ಕೊಳ್ಳಬಹುದು. ವೇಳಾಪಟ್ಟಿಗಳೆಲ್ಲ ಎನ್‌ತೂರ್ ಎಂಬ ಆ್ಯಪ್‌ನಲ್ಲಿ ಒಂದೇ ಕಡೆ ಸಿಗುತ್ತವೆ. ದೂರದ ರೈಲಿನ ಅಗ್ಗದ ಟಿಕೆಟ್‌ಗಳು ಬೇಗ ಖಾಲಿಯಾಗುವುದರಿಂದ ವೀಸಾ ಕೈಸೇರಿದ ದಿನವೇ ಅವನ್ನು ಕೊಂಡುಬಿಡಿ. ನಾನು ಕುಳಿತು ಲೆಕ್ಕ ಹಾಕಿದಾಗ, ಏಜೆನ್ಸಿಗೆ ತೆತ್ತ ಹಣದಲ್ಲಿ ಮೂರನೇ ಒಂದು ಭಾಗವಾದರೂ ಉಳಿಯುತ್ತಿತ್ತು. ಅಲ್ಲಿನ ಒಂದು ಕ್ರೋನೆಗೆ ಹತ್ತಿರಹತ್ತಿರ 9 ರೂಪಾಯಿ ಇರುವಾಗ ಅದು ಸಣ್ಣ ಮೊತ್ತವಲ್ಲ.

ಬಿಡಿಯಾಗಿ ಕೊಳ್ಳುವುದರಲ್ಲಿ ಹಣಕ್ಕಿಂತ ದೊಡ್ಡ ಲಾಭವೊಂದಿದೆ: ಫಿನ್ಸೆಯಲ್ಲಿ ಇಳಿಯಬಹುದು. ಸಮುದ್ರಮಟ್ಟದಿಂದ 1222 ಮೀಟರ್ ಎತ್ತರದಲ್ಲಿರುವ ಇದು ಓಸ್ಲೊ–ಬರ್ಗೆನ್ ರೈಲು ಮಾರ್ಗದ ಅತಿ ಎತ್ತರದ ನಿಲ್ದಾಣ. ಕಾರು ಬರುವ ರಸ್ತೆಯೇ ಇಲ್ಲಿಗಿಲ್ಲ. ಜೂನ್‌ನಲ್ಲೂ ಕೆರೆಯ ಮೇಲೆ ಮಂಜುಗಡ್ಡೆ, ಎದುರಿಗೆ ಹರ್ದಾಂಗರ್ ಹಿಮನದಿ. ನಮ್ಮ ಜೊತೆಗೆ ಇಳಿದವರು ಬೆರಳೆಣಿಕೆಯಷ್ಟು ಮಂದಿ, ಅವರೂ ಸೈಕಲ್‌ನವರು. ಮುಂದಿನ ರೈಲು ಬರುವವರೆಗೆ ಹಿಮದ ಅಂಚಿನಲ್ಲಿ ನಡೆದಾಡಿದೆವು. ಇಡೀ ಪ್ರವಾಸದಲ್ಲಿ ನನಗೆ ತೃಪ್ತಿ ಕೊಟ್ಟ ಜಾಗ ಇದೇ.

ಇನ್ನು ಫ್ಲೋಮ್. ಮಿರ್ದಾಲ್‌ನಿಂದ 20 ಕಿ.ಮೀ.ಯಲ್ಲಿ 866 ಮೀಟರ್ ಕೆಳಗಿಳಿಯುವ ಆ ರೈಲು ಮಾರ್ಗ ಎಂಜಿನಿಯರುಗಳ ಸಾಹಸ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಡುವೆ ಕ್ಯೋಸ್ ಜಲಪಾತದ ಬಳಿ ಐದು ನಿಮಿಷ ನಿಲ್ಲಿಸುತ್ತಾರೆ. ಧ್ವನಿವರ್ಧಕದಲ್ಲಿ ಸಂಗೀತ ಮೊಳಗುತ್ತದೆ, ಬಂಡೆಯ ಮೇಲೆ ಜಾನಪದದ ಮೋಹಿನಿಯ ವೇಷದಲ್ಲಿ ಒಬ್ಬಾಕೆ ಕುಣಿಯುತ್ತಾಳೆ, ಬೋಗಿಗಳಲ್ಲಿದ್ದವರೆಲ್ಲ ಮೊಬೈಲ್ ಎತ್ತಿ ನೂಕಾಡುತ್ತಾರೆ. ಜೋಗದ ಎದುರು ಹೀಗೆ ಹಾಡು ಹಾಕಿದರೆ ನಾವು ಸುಮ್ಮನಿರುತ್ತೇವೆಯೇ? ಕೆಳಗಿರುವುದು ಕೆಲವೇ ನೂರು ಜನರ ಹಳ್ಳಿ. ಅಲ್ಲಿಗೆ ಒಂದು ಕ್ರೂಸ್ ಹಡಗು ಬಂದರೆ ಸಾವಿರಾರು ಮಂದಿ ಇಳಿಯುತ್ತಾರೆ, ಶೌಚಾಲಯದ ಸಾಲೇ ಅಂಗಡಿಯವರೆಗೆ ಬೆಳೆಯುತ್ತದೆ. ಯಾವ ದಿನ ಯಾವ ಹಡಗು ಬರುತ್ತದೆ ಎಂಬ ಪಟ್ಟಿಯನ್ನು ಬಂದರಿನವರು ಮೊದಲೇ ಪ್ರಕಟಿಸುತ್ತಾರೆ. ಅದನ್ನು ನೋಡಿ ದಿನಾಂಕ ಗೊತ್ತುಮಾಡಿಕೊಳ್ಳಿ. ಹವಾಮಾನ ವರದಿಗಿಂತ ಈ ಪಟ್ಟಿಯೇ ಹೆಚ್ಚು ಉಪಯುಕ್ತ.

ಅಲ್ಲಿ ನಮಗೆ ಕೊಟ್ಟ ಮರದ ಗುಡಿಸಲಿನಲ್ಲಿ ಹಾಸಿಗೆ ಇತ್ತು, ಹೊದಿಕೆ ಇತ್ತು, ಹಾಸುವ ಬಟ್ಟೆ ಇರಲಿಲ್ಲ. ಅದಕ್ಕೂ ಟವೆಲಿಗೂ ಬೇರೆ ಬಾಡಿಗೆ, ಹೊರಡುವಾಗ ನೆಲ ಗುಡಿಸದಿದ್ದರೆ ಶುಚಿ ಮಾಡುವ ಶುಲ್ಕ. ನಾರ್ವೆಯ ಗುಡಿಸಲು, ಹಾಸ್ಟೆಲ್‌ಗಳಲ್ಲಿ ಇದು ಸಾಮಾನ್ಯವಂತೆ, ಬುಕ್ ಮಾಡಿಕೊಟ್ಟವರು ಮಾತ್ರ ಬಾಯಿ ಬಿಟ್ಟಿರಲಿಲ್ಲ. ಮನೆಯಿಂದಲೇ ಎರಡು ತೆಳು ಹಾಸುಬಟ್ಟೆ ಒಯ್ಯಿರಿ. ಉಳಿಯುವುದಾದರೆ ಹತ್ತಿರದ ಔರ್ಲಾಂಡ್‌ನಲ್ಲಿ ಉಳಿಯಿರಿ. ಸ್ಥಳೀಯ ಬಸ್ಸಿದೆ, ಬೇಕರಿ ಇದೆ, ಸಂಜೆ ಬೀದಿಯಲ್ಲಿ ಊರಿನವರೇ ಕಾಣುತ್ತಾರೆ. ಶನಿವಾರ, ಭಾನುವಾರ ಬಸ್ಸುಗಳು ತೀರ ಕಡಿಮೆ ಎಂಬುದಷ್ಟೇ ನೆನಪಿರಲಿ.

ದೋಣಿಯ ಬಗ್ಗೆ ಹೇಳುವುದಕ್ಕೇನೂ ಇಲ್ಲ, ಫೋಟೊದಲ್ಲಿ ಇರುವಂತೆಯೇ ಇದೆ. ಬೆಳಗಿನ ಮೊದಲ ದೋಣಿ ಹಿಡಿಯಿರಿ. ಗುಡ್‌ವಾಂಗೆನ್‌ನಿಂದ ಫ್ಲೋಮ್‌ಗೆ ಬಸ್ಸಿನಲ್ಲಿ ಮರಳುವವರು ಕಿಟಕಿ ಸೀಟಿಗೆ ಜಗಳವಾಡುವ ಅಗತ್ಯವಿಲ್ಲ: 11 ಕಿ.ಮೀ. ಮೀರಿದ ಒಂದು ಸುರಂಗ, ಅದರ ಬೆನ್ನಿಗೇ 5 ಕಿ.ಮೀ.ಯದು ಇನ್ನೊಂದು. ನೋಡಲು ಗೋಡೆ ಮಾತ್ರ.

ಊಟದ ವಿಷಯಕ್ಕೆ ಬಂದರೆ, ಬರ್ಗೆನ್‌ನ ಮೀನು ಮಾರುಕಟ್ಟೆಯನ್ನು ಹೊರಗಿನಿಂದ ನೋಡಿ ಮುಂದೆ ನಡೆಯಿರಿ. ಹೊಟ್ಟೆ ತುಂಬಬೇಕಾದರೆ ಓಸ್ಲೊದ ಗ್ರೋನ್‌ಲಾಂಡ್ ಬಡಾವಣೆಗೆ ಹೋಗಿ. 1970ರ ಆಸುಪಾಸಿನಲ್ಲಿ ಪಾಕಿಸ್ತಾನದ ಪಂಜಾಬಿನ ಖಾರಿಯಾನ್ ಕಡೆಯಿಂದ ಕೂಲಿ ಕೆಲಸಕ್ಕೆ ಬಂದವರ ಮಕ್ಕಳು, ಮೊಮ್ಮಕ್ಕಳು ಈ ನಗರದಲ್ಲಿ ನೆಲೆಯೂರಿದ್ದಾರೆ. ಮೆಟ್ರೊ ನಿಲ್ದಾಣದಿಂದ ಹೊರಬಂದು ತಂದೂರ್ ವಾಸನೆಯ ಜಾಡು ಹಿಡಿದರೆ ಸಾಕು. ನಾವು ಹೊಕ್ಕ ಅಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಕೌಂಟರಿನಲ್ಲೇ ಹಣ ಕೊಟ್ಟು ತಟ್ಟೆ ಎತ್ತಿಕೊಳ್ಳುವ ಪದ್ಧತಿ. ದಪ್ಪ ಬೇಳೆಯ ದಾಲ್, ಕಡಲೆ ಪಲ್ಯ, ಅನ್ನ, ಒಲೆಯಿಂದ ಆಗತಾನೆ ತೆಗೆದ ನಾನ್. ದಾಲ್‌ಗೆ ಬೆಳ್ಳುಳ್ಳಿ ಒಗ್ಗರಣೆಯನ್ನು ಲೋಭವಿಲ್ಲದೆ ಹಾಕಿದ್ದರು. ಹಿಂದಿಯಲ್ಲಿ ‘ಇನ್ನೂ ಖಾರ ಬೇಕು’ ಎಂದಾಗ ಕೌಂಟರಿನ ಹಿರಿಯರು ನಕ್ಕು, ಹಸಿಮೆಣಸಿನಕಾಯಿಯ ಬಟ್ಟಲನ್ನೇ ನಮ್ಮ ಮುಂದಿಟ್ಟರು. ಇಬ್ಬರ ಊಟದ ಬಿಲ್ಲು ಬರ್ಗೆನ್‌ನಲ್ಲಿ ನಾನೊಬ್ಬನೇ ಕುಡಿದ ಸೂಪಿನ ಬೆಲೆಗಿಂತ ತುಸು ಹೆಚ್ಚು. ಓಸ್ಲೊದಲ್ಲಿದ್ದಷ್ಟು ದಿನ ರಾತ್ರಿಯೂಟ ಅಲ್ಲೇ.

ಉಳಿದ ಕಡೆ ರೆಮಾ, ಕಿವಿ ಎಂಬ ದಿನಸಿ ಅಂಗಡಿಗಳೇ ಗತಿ. ಭಾನುವಾರ ದೊಡ್ಡ ದಿನಸಿ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಶನಿವಾರವೇ ಬ್ರೆಡ್ಡು, ಮೊಸರು ಕೊಂಡಿಡಿ. ನಲ್ಲಿ ನೀರು ಚೆನ್ನಾಗಿದೆ, ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ. ಊರಿನಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡ, ಮೈಸೂರು ಪಾಕ್ ಬೇಡ: ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಬರ್ಗೆನ್‌ಗೆ ಕೊಡೆ ಒಯ್ದು ಪ್ರಯೋಜನವಿಲ್ಲ, ಗಾಳಿಗೆ ಅದು ಮೊದಲ ದಿನವೇ ಮಗುಚುತ್ತದೆ. ಟೋಪಿ ಇರುವ ಒಳ್ಳೆಯ ಮಳೆ ಕೋಟನ್ನು ಇಲ್ಲಿಂದಲೇ ಕೊಂಡು ಹೋಗಿ, ಅಲ್ಲಿ ಅದರ ಬೆಲೆ ಕೇಳಿದರೆ ನೆನೆಯುವುದೇ ಮೇಲೆನಿಸುತ್ತದೆ.