ಮೊಳಕಾಲ್ಮೂರಿನ ಮಗ್ಗದಲ್ಲಿ ಮಾವಿನಕಾಯಿ

ಚಳ್ಳಕೆರೆ ದಾಟಿದರೆ ರಸ್ತೆಯ ಎರಡೂ ಕಡೆ ಶೇಂಗಾ ಹೊಲ, ನಡುನಡುವೆ ಬಂಡೆಗುಡ್ಡ. ಬಳ್ಳಾರಿ ಹೆದ್ದಾರಿಯಿಂದ ಹಾನಗಲ್ ಹತ್ತಿರ ಹೊರಳಿಕೊಂಡರೆ ಮೊಳಕಾಲ್ಮೂರು. ಚಿತ್ರದುರ್ಗಕ್ಕೆ ಬಂದವರು ಕೋಟೆ ನೋಡಿ ಊರಿಗೆ ಹೊರಟುಬಿಡುತ್ತಾರೆ. ಇಷ್ಟು ದೂರ ಬರುವವರು ರೇಷ್ಮೆ ಸೀರೆ ಹುಡುಕಿಕೊಂಡು ಬಂದವರೇ ಜಾಸ್ತಿ. ಇಲ್ಲಿಯ ಸೀರೆಗೆ 2011ರಲ್ಲಿ ಜಿಐ ಮಾನ್ಯತೆ, ಅಂದರೆ ಈ ಊರಿನದೇ ಅನ್ನುವ ಗುರುತು, ಸಿಕ್ಕಿದೆ.

ನನಗೆ ನೋಡಬೇಕಿದ್ದದ್ದು ಸೀರೆಯ ಮೇಲಿನ ಮಾವಿನಕಾಯಿ ಬುಟ್ಟಾ, ಅಂದರೆ ನೇಯ್ದ ಚಿತ್ತಾರ. ಕೆಳಗೆ ದುಂಡಗೆ, ಮೇಲೆ ತುದಿ ಬಾಗಿದ್ದು. ಒಂದು ನೇಕಾರರ ಮನೆಯಲ್ಲಿ ಕೇಳಿಕೊಂಡು ಮಗ್ಗದ ಪಕ್ಕ ಕೂತೆ. ಅಣ್ಣ ಕಾಲಮಣೆ ಒತ್ತಿದರೆ ತಲೆಯ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡು ಟಕ್ಕೆಂದು ತಿರುಗುತ್ತದೆ. ಯಾವ ಎಳೆ ಏಳಬೇಕು, ಯಾವುದು ಸುಮ್ನೆ ಇರಬೇಕು ಅಂತ ಹೇಳುವುದು ಆ ತೂತುಗಳೇ. ಎದ್ದ ಎಳೆಗಳ ಕೆಳಗೆ ಅವರು ಜರಿ ಸುತ್ತಿದ ಪುಟ್ಟ ಕಂಡಿಕೆ ತೂರಿಸಿ, ಲಾಳಿ ಹೊಡೆದು, ಹಲಗೆ ಎಳೆದು ಬಡಿಯುತ್ತಾರೆ. ಮತ್ತೊಂದು ಕಾರ್ಡು, ಮತ್ತೊಂದು ಎಳೆ. ಕಾಯಿ ಬುಡದಿಂದ ಕೂದಲೆಳೆಯಷ್ಟೇ ಬೆಳೆಯುತ್ತದೆ. ಕೊನೆಗೆ ಆ ಬಾಗಿದ ಮೂತಿ ಬಂದಾಗ ಖುಷಿಯಾಗದೆ ಇರುತ್ತಾ?

ಈ ಆಕಾರ ಹುಟ್ಟಿನಿಂದ ಮಾವಿನಕಾಯಿ ಆಗಿರಲಿಲ್ಲ. ಮೊಘಲರ ಕಾಲದ ಕಾಶ್ಮೀರಿ ಶಾಲುಗಳಲ್ಲಿ ಅದೊಂದು ಹೂಗಿಡ. ಬರಬರುತ್ತಾ ಗಿಡ ಹೂಗೊಂಚಲಾಯಿತು, ಗೊಂಚಲಿನ ತುದಿ ಬಾಗಿತು, ಸುತ್ತ ಗೆರೆ ಬಿತ್ತು. ಇರಾನಿನ ಬಟ್ಟೆ, ಜಮಖಾನೆಗಳಲ್ಲೂ ಇದು ಹಳೆಯದೇ. ಅದು ಗಾಳಿಗೆ ಬಾಗಿದ, ಮೊನಚು ತಲೆಯ ಸೈಪ್ರೆಸ್ ಮರ, ಪಾರ್ಸಿ ಧರ್ಮದ ಜರತುಷ್ಟ್ರನ ಅನುಯಾಯಿಗಳಿಗೆ ಬಾಳಿನ ಗುರುತು ಅನ್ನುವವರಿದ್ದಾರೆ. ನಮ್ಮಲ್ಲಿ ಅದು ಮಾವೇ. ಬಾಗಿಲಿಗೆ ಮಾವಿನ ತೋರಣ, ಕಳಶಕ್ಕೆ ಮಾವಿನ ಸೊಪ್ಪು, ಯುಗಾದಿಗೆ ಮಾವಿನಕಾಯಿ ಚಿತ್ರಾನ್ನ ಇರುವ ಕಡೆ ಮದುಮಗಳ ಸೆರಗಿನ ಮೇಲೆ ಬೇರೇನು ಕೂರಬೇಕು?

18ನೇ ಶತಮಾನದ ಕೊನೆಗೆ ಕಾಶ್ಮೀರಿ ಶಾಲು ಯುರೋಪಿನ ಶ್ರೀಮಂತ ಹೆಂಗಸರ ಹುಚ್ಚಾಯಿತು. ನೆಪೋಲಿಯನ್ನನ ಹೆಂಡತಿ ಜೋಸೆಫೀನಳಿಗೂ ಅದೆಂದರೆ ಪ್ರಾಣ. ಒಳ್ಳೆ ಶಾಲು ನೇಯಲು ವರ್ಷವೇ ಹಿಡಿಯುತ್ತಿತ್ತು. ಸ್ಕಾಟ್ಲೆಂಡಿನ ಪೈಸ್ಲಿ ಊರಿನ ನೇಕಾರರು ಅದನ್ನೇ ಅಗ್ಗವಾಗಿ ನಕಲು ಮಾಡಿದರು. ತೂತಿನ ಕಾರ್ಡಿನಿಂದ ಎಳೆ ಎತ್ತುವ ಜಕಾರ್ಡ್ ಯಂತ್ರ, ಫ್ರಾನ್ಸಿನಲ್ಲಿ 1804ರ ಸುಮಾರಿಗೆ ಬಂದದ್ದು, ಮುಂದೆ ಅವರ ಕೈಗೂ ಸಿಕ್ಕಿತು. ನಮ್ಮ ಚಿತ್ತಾರಕ್ಕೆ ಆ ಊರಿನ ಹೆಸರೇ ಅಂಟಿತು. 1870ರ ನಂತರ ಫ್ಯಾಷನ್ ಬದಲಾಗಿ ಪೈಸ್ಲಿಯ ಶಾಲು ಬಿತ್ತು, ಕಾಶ್ಮೀರದ ವ್ಯಾಪಾರವೂ ನೆಲ ಕಚ್ಚಿತು.

ಕಾಶ್ಮೀರದ ನೇಕಾರರ ಹೊಟ್ಟೆಗೆ ಹೊಡೆಯಲು ನೆರವಾದ ಆ ಜಕಾರ್ಡ್ ಯಂತ್ರವೇ ಈಗ ಈ ಅಣ್ಣನ ಕೈಮಗ್ಗದ ಮೇಲೆ ಕೂತು ಅನ್ನ ಕೊಡುತ್ತಿದೆ. ಯಂತ್ರ ಬಂದರೆ ಕೈಕೆಲಸ ಸತ್ತಂತೆ ಅನ್ನುವ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಕಾರ್ಡು ದಾರಿ ತೋರಿಸುತ್ತದೆ, ನೇಯುವುದು ಕೈಯೇ.

"ಮೊದಲು ಅಂಗೈಯಗಲ ಕಾಯಿ ಕೇಳೋರು," ಅಂದರು ಒಳಗಿಂದ ಬಂದ ಅಕ್ಕ. "ಈಗಿನ ಹುಡ್ಗೀರಿಗೆ ಸಣ್ಣದು ಬೇಕು, ನೋಡಿ."

"ಸಣ್ಣದಾದ್ರೆ ಕೆಲಸ ಕಮ್ಮಿನಾ?"

"ಎಲ್ಲಿ ಕಮ್ಮಿ? ಸಣ್ಣದು ಅಂತ ಮೈತುಂಬ ಹಾಕಿಸ್ತಾರೆ!" ಅಣ್ಣ ನಗುತ್ತಲೇ ಮುಂದಿನ ಕಾರ್ಡಿಗೆ ಕಾಲಮಣೆ ಒತ್ತಿದರು.