ಇಪ್ಪತ್ತು ಕಪ್ಪು ಮನೆಗಳ ಮುಖ

ಕಳೆದ ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ಒಂದು ಮಧ್ಯಾಹ್ನ ನನ್ನ ಮುಂದೆ ಬಿಳಿ ಹಾಳೆಯನ್ನಿಟ್ಟು, “ಮಾಮಾ, ನನಗೊಂದು ಕ್ರೀಪರ್ ಬಿಡಿಸಿಕೊಡು” ಎಂದು ಕೇಳಿದ. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿದ ಹಮ್ಮು ಇನ್ನೂ ಉಳಿದಿರುವ ನಾನು, ಎಲ್ಲವೂ ಚೌಕ ಬ್ಲಾಕುಗಳಿಂದಲೇ ಆಗಿರುವ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದ ಆ ಹಸಿರು ಪ್ರಾಣಿಗೆ ಇಳಿಜಾರು ಹೆಗಲು, ಕತ್ತಿನ ಕೆಳಗಿನ ನೆರಳು, ಮೊಣಕಾಲಿನ ಮಡಿಕೆ ಎಲ್ಲವನ್ನೂ ಕೊಟ್ಟು ಅರ್ಧ ಗಂಟೆಯಲ್ಲಿ ಮುಗಿಸಿದೆ. ಅವನು ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿ, “ಇದು ಕ್ರೀಪರ್ ವೇಷ ಹಾಕಿಕೊಂಡ ಮನುಷ್ಯ” ಎಂದ.

ಅವನು ಹೇಳಿದ್ದು ಸರಿಯಾಗಿತ್ತು. ಕ್ರೀಪರ್‌ಗೆ ಕತ್ತಿಲ್ಲ, ಕೈಗಳಿಲ್ಲ, ಮೊಣಕಾಲಂತೂ ಇಲ್ಲವೇ ಇಲ್ಲ. ಒಂದು ತಲೆ, ನೆಟ್ಟಗೆ ನಿಂತ ಒಂದು ಮೈ, ಅದರಡಿಯಲ್ಲಿ ನಾಲ್ಕು ಮೊಂಡು ಕಾಲುಗಳು, ಇಷ್ಟೇ ಅದರ ಆಸ್ತಿ. ಈ ರೂಪ ಹುಟ್ಟಿದ್ದೂ ಒಂದು ತಪ್ಪಿನಿಂದ. 2009ರಲ್ಲಿ ಸ್ವೀಡನ್ನಿನ ಮಾರ್ಕಸ್ ಪೆರ್ಸನ್ ಈ ಆಟಕ್ಕೆಂದು ಹಂದಿಯನ್ನು ರೂಪಿಸುತ್ತಿದ್ದಾಗ ಉದ್ದದ ಅಳತೆಯೂ ಎತ್ತರದ ಅಳತೆಯೂ ಅದಲುಬದಲಾಗಿ, ಮಲಗಿರಬೇಕಾದ ಮೈ ಎದ್ದು ನಿಂತುಬಿಟ್ಟಿತು. ಅವರು ಅದನ್ನು ಅಳಿಸಿಹಾಕದೆ ಹಸಿರು ಬಣ್ಣ ಬಳಿದು, ಸದ್ದಿಲ್ಲದೆ ಬೆನ್ನ ಹಿಂದೆ ಬಂದು ಬುಸ್ ಎಂದು ಒಂದೂವರೆ ಸೆಕೆಂಡಿನಲ್ಲಿ ಸಿಡಿಯುವ ಪ್ರಾಣಿಯನ್ನಾಗಿಸಿದರು. ಆಟದಲ್ಲಿ ನಾನು ಮೂರು ದಿನ ಕಷ್ಟಪಟ್ಟು ಕಟ್ಟಿದ್ದ ಗೋಡೆಯನ್ನು ಹೀಗೊಂದು ಎಡವಟ್ಟಾದ ಹಂದಿ ಉರುಳಿಸಿತ್ತೆಂಬುದು ಗೊತ್ತಾದ ಮೇಲೆ ಅದರ ಮೇಲಿದ್ದ ಸಿಟ್ಟು ಬಹುಮಟ್ಟಿಗೆ ಇಳಿಯಿತು. ಇಷ್ಟೆಲ್ಲ ಆರ್ಭಟದ ಅದು ಬೆಕ್ಕನ್ನು ಕಂಡರೆ ಓಡಿಹೋಗುತ್ತದೆ.

ಮರುದಿನ ಸ್ಟೇಷನರಿ ಅಂಗಡಿಯಿಂದ ಗ್ರಾಫ್ ಹಾಳೆಗಳನ್ನು ತಂದು, ಒಂದು ಪಿಕ್ಸೆಲ್‌ಗೆ, ಅಂದರೆ ಆಟದ ಚಿತ್ರದ ಒಂದು ಪುಟ್ಟ ಚೌಕಕ್ಕೆ, ಅರ್ಧ ಸೆಂಟಿಮೀಟರಿನ ಒಂದು ಮನೆ ಎಂದು ಲೆಕ್ಕ ಹಿಡಿದು, ಸ್ಕೇಲು ಪೆನ್ಸಿಲುಗಳೊಂದಿಗೆ ಮತ್ತೆ ಕುಳಿತೆ. ಕ್ರೀಪರ್‌ನ ಮುಖ ಎಂಟು ಮನೆ ಅಗಲ, ಎಂಟು ಮನೆ ಎತ್ತರ, ಒಟ್ಟು 64 ಮನೆಗಳು. ಮೇಲಿನ ಎರಡು ಸಾಲು ಖಾಲಿ ಬಿಟ್ಟು, ಎರಡು ಮನೆ ಅಗಲ ಎರಡು ಮನೆ ಎತ್ತರದ ಎರಡು ಕಣ್ಣು, ಅವುಗಳ ನಡುವೆ ಕೆಳಗೆ ಮೂಗಿನಂತೆ ಎರಡು ಮನೆ, ನಾಲ್ಕು ನಾಲ್ಕರ ಎರಡು ಸಾಲು, ಕೊನೆಯಲ್ಲಿ ಬಾಯಿಯ ಎರಡು ತುದಿ ಜೋತುಬಿದ್ದಂತೆ ಒಂದೊಂದು ಮನೆ: ಹೀಗೆ ಇಪ್ಪತ್ತು ಮನೆಗಳನ್ನು ಕಪ್ಪಾಗಿಸಿದರೆ ಜಗತ್ತಿನ ಯಾವ ಮಗುವಾದರೂ ಗುರುತಿಸುವ ಆ ಅಳುಮುಖ ಮೂಡುತ್ತದೆ. ಕೊನೆಯ ಸಾಲಿನ ಆ ಎರಡು ಮನೆಗಳನ್ನು ನಾನು ಮೊದಲು ಮರೆತಿದ್ದೆ. ಆಗ ಅದು ಅಳುವುದನ್ನು ಬಿಟ್ಟು ಬಾಯಿ ತೆರೆದು ಆಕಳಿಸುವಂತೆ ಕಾಣುತ್ತಿತ್ತು. ಕೈಗೆ ಅಭ್ಯಾಸವಾದ ಬಾಗುಗೆರೆಯನ್ನು ತಡೆದು ಹಿಡಿಯುವುದೇ ಈ ಚಿತ್ರಗಳಲ್ಲಿ ಕಷ್ಟದ ಕೆಲಸವೆಂದು ನನಗೆ ಅಲ್ಲಿ ತಿಳಿಯಿತು, ಏಕೆಂದರೆ ಮೂಲೆಯನ್ನು ಒಂದಿಷ್ಟು ದುಂಡಗೆ ಮಾಡಿದರೂ ಚಿತ್ರದ ತಮಾಷೆ ಹೊರಟುಹೋಗುತ್ತದೆ.

ಅದೇ ಆಟದ ಎಂಡರ್‌ಮ್ಯಾನ್ ಎಂಬ ಕಪ್ಪು ಜೀವಿಯನ್ನು ಬಿಡಿಸುವಾಗ ಇದು ಇನ್ನಷ್ಟು ಖಚಿತವಾಯಿತು. ಅದರ ಕಾಲು ಎರಡು ಪಿಕ್ಸೆಲ್ ದಪ್ಪ, ಮೂವತ್ತು ಪಿಕ್ಸೆಲ್ ಉದ್ದ; ನನ್ನ ಹಾಳೆಯ ಮೇಲೆ ಒಂದು ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದದ ಪಟ್ಟಿ. ಕೈಗಳಿಗೂ ಅದೇ ಅಳತೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಕೆರಳಿ ಮೇಲೆ ಬೀಳುವ ಈ ಭಯಾನಕ ಜೀವಿಯನ್ನು ಅಳತೆಗೆ ಸರಿಯಾಗಿ ಬರೆದು ನೋಡಿದಾಗ, ಬಟ್ಟೆ ಒಣಗಿಸುವ ಗಳಕ್ಕೆ ತಲೆ ಸಿಕ್ಕಿಸಿದಂತೆ ಕಾಣುತ್ತದೆ. ಅದು ಮಣ್ಣಿನ ಒಂದು ಬ್ಲಾಕನ್ನು ಎದೆಗವಚಿಕೊಂಡು ಎಲ್ಲಿಗೋ ಹೊರಟಿರುವ ಭಂಗಿ ನನಗೆ ಬಹಳ ಇಷ್ಟ. ಅದನ್ನು ಎಲ್ಲಿಗೆ ಒಯ್ಯುತ್ತದೆ, ಏಕೆ ಒಯ್ಯುತ್ತದೆ ಎಂಬುದು ಅದಕ್ಕೂ ಗೊತ್ತಿದ್ದಂತಿಲ್ಲ.

ಕುರಿ, ಹಸು, ತೋಳು ಕಟ್ಟಿಕೊಂಡೇ ತಿರುಗುವ ಉದ್ದಮೂಗಿನ ಹಳ್ಳಿಗ, ಇವೆಲ್ಲ ಒಂದೊಂದು ಸಂಜೆಯಲ್ಲಿ ಮುಗಿದವು. ಘಾಸ್ಟ್ ಮಾತ್ರ ನನಗೆ ಒಲಿಯಲಿಲ್ಲ. ಕಣ್ಣು ಮುಚ್ಚಿ ಕಣ್ಣೀರಿನ ಗುರುತು ಹೊತ್ತು ತೇಲುವ ಆ ದೊಡ್ಡ ಬಿಳಿ ಪೆಟ್ಟಿಗೆಯ ಅರ್ಧ ಚೆಲುವು ಅದರ ದನಿಯಲ್ಲಿದೆ. ಆಟಕ್ಕೆ ಸಂಗೀತ ಕೊಟ್ಟ ಡೇನಿಯಲ್ ರೋಸೆನ್‌ಫೆಲ್ಡ್ ಅವರ ಬೆಕ್ಕಿನಿಂದ ಬಂದ ಆ ಕೀರಲು ಕೂಗನ್ನು ಗ್ರಾಫ್ ಹಾಳೆಯ ಮೇಲೆ ಎಳೆಯುವುದು ಹೇಗೆ?

ಕೋಳಿಯ ಚಿತ್ರ ನನ್ನ ಹೆಮ್ಮೆ. ಮುಂಭಾಗವನ್ನು ನೇರವಾಗಿ ಬಿಡಿಸಿ, ಪಕ್ಕದ ಭಾಗಕ್ಕೆ ಓರೆಗೆರೆಗಳನ್ನು ನಿಜವಾದ ಉದ್ದದ ಅರ್ಧದಷ್ಟೇ ಎಳೆದಾಗ ಅದು ಹಾಳೆಯಿಂದ ಎದ್ದು ಬರುವಂತಾಯಿತು; ಪೂರ್ತಿ ಉದ್ದ ಎಳೆದಿದ್ದ ಮೊದಲನೆಯದು ರೈಲಿನ ಡಬ್ಬಿಯಾಗಿತ್ತು. ಹರೆಯದಲ್ಲಿ ಕ್ರಾಸ್ ಸ್ಟಿಚ್‌ನಲ್ಲಿ ಮೇಜುಬಟ್ಟೆಗಳನ್ನು ಹೊಲಿದಿದ್ದ ಅಮ್ಮ ಕನ್ನಡಕ ಏರಿಸಿಕೊಂಡು ಮನೆಗಳನ್ನು ಬೆರಳಿನಿಂದ ಎಣಿಸಿ, ಎಡಗಾಲು ಬಲಗಾಲಿಗಿಂತ ಒಂದು ಮನೆ ಗಿಡ್ಡವಾಗಿದೆಯೆಂದು ತೋರಿಸಿದರು. ಆಮೇಲೆ ಆ ಅಗಲವಾದ ಚಪ್ಪಟೆ ಕೊಕ್ಕನ್ನು ನೋಡಿ, “ಬಾತುಕೋಳಿ ಚೆನ್ನಾಗಿ ಬಂದಿದೆ” ಎಂದರು. ಅದು ಕೋಳಿಯೆಂದೂ ಕೊಕ್ಕಿನ ಕೆಳಗಿನ ಕೆಂಪು ತುಣುಕೇ ಅದಕ್ಕೆ ಸಾಕ್ಷಿಯೆಂದೂ ನಾನು ವಾದಿಸುತ್ತಿರುವಾಗ ಅಕ್ಕನ ಮಗ ಅಜ್ಜಿಯ ಪಕ್ಷ ವಹಿಸಿದ. ಆ ಚಿತ್ರ ಈಗ ಅಡುಗೆಮನೆಯ ಫ್ರಿಜ್‌ನ ಬಾಗಿಲ ಮೇಲಿದೆ. ಅದರಡಿಯಲ್ಲಿ ಅವನು ಕೆಂಪು ಸ್ಕೆಚ್ ಪೆನ್ನಿನಿಂದ ‘ಬಾತುಕೋಳಿ’ ಎಂದೇ ಬರೆದಿದ್ದಾನೆ.